ಕೆಂಪಾದರೆ ಹೇಳಿಬಿಡಿ

"ಇದನ್ನ ಮೂಸಿ ನೋಡಿ."

ಬಾಗಿಲು ತೆಗೆದವಳ ಮೂಗಿನ ತುದಿಗೇ ಒಂದು ಬಿಸಿ ಬನ್ನು ಬಂದು ನಿಂತಿತು. ಬನ್ನಿನ ಹಿಂದೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಒಂದು ಕೈ. ಆ ಕೈಯ ಹಿಂದೆ ಸಿಡಿಮಿಡಿಗುಟ್ಟುತ್ತಿದ್ದ ಒಂದು ಮುಖ.

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಬೆಳಗಿನಿಂದ ಒಲೆಯ ಮುಂದೆ ನಿಂತು ನೀಲಗಿರಿ ಎಲೆ ಕುದಿಸಿ, ಕಣ್ಣಲ್ಲೂ ಮೂಗಲ್ಲೂ ನೀರು ಇಳಿಯುತ್ತಿತ್ತು. ತೋಳಿನಿಂದ ಮುಖ ಒರೆಸಿಕೊಂಡಳು.

"ಯಾರ್ರೀ ನೀವು?"

"ನಿಮ್ಮ ಹಿಂದಿನ ಗೋಡೆಯವನು. ಹೊಸ ಬೇಕರಿ. ಮೊದಲು ಮೂಸಿ, ಆಮೇಲೆ ಮಾತಾಡೋಣ."

ಮೂಸಿದಳು. ಬೆಣ್ಣೆಯ ಘಮ ಬರಬೇಕಾದ ಕಡೆ ನೀಲಗಿರಿಯ ಘಾಟು ಬಂತು. ಅವಳ ಒಲೆಯ ಮೇಲೆ ಕುದಿಯುತ್ತಿದ್ದ ಅದೇ ಘಾಟು.

"ನಿಮ್ಮ ಅಡುಗೆಮನೆ ಕಿಟಕಿ, ನಾನು ಹಿಟ್ಟು ನಾದೋ ಮೇಜು, ಎರಡೂ ಎದುರುಬದುರು," ಅಂದ ಅವನು. "ನೀವು ಕುದಿಸಿದ್ದೆಲ್ಲ ಹಬೆ ಆಗಿ ನನ್ನ ಹಿಟ್ಟಿಗೇ ಇಳೀತಿದೆ. ನೆಗಡಿಗೆ ಬನ್ ಮಾಡ್ತೀರಾ ಅಂತ ಕೇಳ್ತಾರೆ ಗಿರಾಕಿಗಳು. ನಾನೇನು ಬೇಕರಿ ಇಟ್ಟಿದ್ದೀನಾ, ದವಾಖಾನೆ ಇಟ್ಟಿದ್ದೀನಾ?"

ತಪ್ಪಾಯಿತು ಅನ್ನಬೇಕಿತ್ತು ಅವಳು. ಆದರೆ ಅವಳ ಕಣ್ಣು ಬನ್ನು ಬಿಟ್ಟು ಅವನ ಮುಂಗೈ ಮೇಲೆ ನೆಟ್ಟಿತ್ತು. ಹಿಟ್ಟು ಒಣಗಿ ಉದುರಿದ ಕಡೆ ಮಣಿಕಟ್ಟಿನ ಒಳಭಾಗ ಕಾಣುತ್ತಿತ್ತು. ತೆಳು ಚರ್ಮ. ಒಂದು ಕಲೆಯೂ ಇಲ್ಲ.

"ಈ ಕೈಗೆ ಯಾವತ್ತಾದ್ರೂ ಮುಲಾಮು ಹಚ್ಚಿದ್ದೀರಾ?"

"ಏನು?"

"ಮುಲಾಮು, ಕ್ರೀಮು, ಏನಾದ್ರೂ?"

"ಹಿಟ್ಟು ಬಿಟ್ರೆ ಬೇರೇನೂ ಇಲ್ಲ..." ಬೈಯಲು ಬಂದವನು ಈಗ ಪರೀಕ್ಷೆಗೆ ಕೂತವನ ಹಾಗೆ ಉತ್ತರ ಹೇಳುತ್ತಿದ್ದ.

"ಹಾಗಾದ್ರೆ ಒಳಗೆ ಬನ್ನಿ," ಅಂದಳು ಅವಳು.

ಒಳಗೆ ಏನಿತ್ತು ಅಂತ ನಿಮಗೂ ಹೇಳಿಬಿಡಬೇಕು. ಅದು ಅವಳ ಸೋದರತ್ತೆಯ ಮನೆ. ತಂದೆಯ ಅಕ್ಕ. ಆಕೆಯೇ ಇವಳನ್ನು ಸಾಕಿ ಬೆಳೆಸಿದ್ದು. ಅಡುಗೆಮನೆಯ ಅರ್ಧ ಊಟಕ್ಕೆ, ಉಳಿದರ್ಧ ಇಡೀ ಬೀದಿಯ ಕೈಕಾಲು ನೋವಿಗೆ. ಹಗ್ಗದ ಮೇಲೆ ತಲೆಕೆಳಗಾಗಿ ಒಣಗುವ ಪುದೀನ ಕಟ್ಟುಗಳು, ಎಣ್ಣೆಯಲ್ಲಿ ನೆನೆದ ಚೆಂಡುಹೂವಿನ ದಳ, ಒಡೆದ ಹಿಮ್ಮಡಿಗೆ ಜೇನುಮೇಣದ ಮುಲಾಮು, ನಿದ್ದೆ ಬಾರದವರಿಗೆ ಒಣ ಲ್ಯಾವೆಂಡರ್ ತುಂಬಿ ಹೊಲಿದ ಪುಟ್ಟ ದಿಂಬು.

ಅತ್ತೆಗೆ ಈಗ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಒಲೆಯನ್ನು ಇವಳಿಗೆ ಬಿಟ್ಟುಕೊಡುವ ಮಾತು ಬಂದಿತ್ತು. ಆದರೆ ಒಂದು ಷರತ್ತು. ಅವಳು ತನ್ನದೇ ಬುದ್ಧಿಯಿಂದ ಒಂದು ಮುಲಾಮು ಮಾಡಬೇಕು, ಅದು ಮನೆಯಿಂದ ಹೊರಗೆ ಹೋಗಿ ಒಳ್ಳೆಯ ಹೆಸರು ತರಬೇಕು. ಅವಳಿಗೆ ಬೇರೆ ಯಾವ ಕೆಲಸವೂ ಬೇಕಿರಲಿಲ್ಲ. ಆ ಒಲೆ ಬೇಕಿತ್ತು.

ಅವಳು ಆರಿಸಿಕೊಂಡದ್ದು ಮೊಣಕಾಲು ನೋವಿನ ಮುಲಾಮು. ಚೆಂಡುಹೂವಿನ ಎಣ್ಣೆ, ನೀಲಗಿರಿ, ಬಿಸಿ ಹುಟ್ಟಿಸಲು ದಾಲ್ಚಿನ್ನಿ ಎಣ್ಣೆ.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೊಸ ಮುಲಾಮು ಯಾವುದೇ ಇರಲಿ, ಮೊದಲು ಹೊಸ ಕೈಯೊಂದರ ಮಣಿಕಟ್ಟಿನ ಒಳಗೆ ಒಂದು ಚುಕ್ಕೆ ಹಚ್ಚಬೇಕು. ಒಂದು ಹಗಲು, ಒಂದು ರಾತ್ರಿ ನೀರು ಸೋಕಿಸದೆ ಇಡಬೇಕು. ಕೆಂಪಾಗದಿದ್ದರೆ ಮಾತ್ರ ಡಬ್ಬಿಗೆ ತುಂಬಬೇಕು. ಮಾಡಿದವರ ಕೈ ಇದಕ್ಕೆ ಬಾರದು. ಅತ್ತೆಯ ಕೈ, ಅವಳ ಕೈ ಎರಡೂ ಎಣ್ಣೆ ಸೊಪ್ಪುಗಳಿಗೆ ಎಷ್ಟು ಒಗ್ಗಿಹೋಗಿದ್ದವು ಅಂದರೆ ಕೆಂಡ ಇಟ್ಟರೂ ಸುಮ್ಮನಿರುತ್ತಿದ್ದವೋ ಏನೋ. ಬೀದಿಯ ಬೇರೆ ಕೈಗಳೂ ಆಗಲೇ ಬಳಕೆಯಾಗಿ ಹಳತಾಗಿದ್ದವು.

"ಒಂದು ಒಪ್ಪಂದ ಮಾಡ್ಕೊಳೋಣ," ಅಂದಳು ಅವನನ್ನು ಮಣೆಯ ಮೇಲೆ ಕೂರಿಸಿ. "ನಾನು ಕುದಿಸುವಾಗ ಕಿಟಕಿ ಮುಚ್ತೀನಿ. ನೀವು ನನಗೆ ಕೈ ಕೊಡಿ."

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ನೋಡಪ್ಪ, ಹುಡುಗರು ಕೈ ಕೊಡೋದು ಹೊಸದೇನಲ್ಲ. ಇವಳು ಕೇಳಿ ಈಸ್ಕೊಳ್ತಿದ್ದಾಳೆ ಅಷ್ಟೆ."

ಅವನಿಗೆ ನಗು ಬಂತು. ಬಂದ ಕೋಪ ಎಲ್ಲಿ ಬಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಅವನ ಮುಂಗೈ ಒರೆಸಿ, ಕಡ್ಡಿಯ ತುದಿಯಲ್ಲಿ ಹಳದಿ ಮುಲಾಮು ತೆಗೆದು, ಅವಳು ಒಂದು ಚುಕ್ಕೆ ಇಟ್ಟಳು. ಬೆರಳ ಕೆಳಗೆ ಅವನ ನಾಡಿ ಓಡುತ್ತಿತ್ತು.

"ನೀರು ಮುಟ್ಟಿಸಬೇಡಿ. ಕೆಂಪಾದ್ರೆ ಹೇಳಿಬಿಡಿ."

"ಸರಿ," ಅಂದ.

ಆ ಒಂದು 'ಸರಿ'ಯೇ ಮುಂದಿನ ಎಲ್ಲ ಅವಾಂತರಕ್ಕೆ ಮೂಲ.

ಮಾರನೆಯ ಮಧ್ಯಾಹ್ನ ಅವನು ಬಂದು ಕೈ ಚಾಚಿದ. ಚರ್ಮ ಮಲ್ಲಿಗೆ ಎಸಳಿನ ಹಾಗೆ ಶುಭ್ರ. "ಏನೂ ಆಗಿಲ್ಲ," ಅಂದ.

ಕೆಂಪಿಲ್ಲ ಸರಿ, ಬಿಸಿಯೂ ಹುಟ್ಟಿಲ್ಲವಲ್ಲ ಅಂತ ಅವಳು ದಾಲ್ಚಿನ್ನಿ ಎಣ್ಣೆಯನ್ನು ಇನ್ನೊಂದಿಷ್ಟು ಏರಿಸಿದಳು. ಹಚ್ಚಿದಳು. ಮರುದಿನವೂ "ಏನೂ ಆಗಿಲ್ಲ." ಮತ್ತೆ ಏರಿಸಿದಳು. ಮಧ್ಯಾಹ್ನದ ಒಲೆ ಆರಿಸಿ, ಸಂಜೆಯ ಹಿಟ್ಟು ನಾದುವ ಮುಂಚೆ ಸಿಗುವ ಬಿಡುವಿನಲ್ಲಿ ಅವನು ತಪ್ಪದೆ ಬರುತ್ತಿದ್ದ. ಬರುವಾಗ ಕಾಗದದಲ್ಲಿ ಸುತ್ತಿದ ಬನ್ನುಗಳನ್ನು ತರುತ್ತಿದ್ದ. ಅವನಿಗೆ ಅತ್ತೆ 'ಬನ್ನಪ್ಪ' ಅಂತ ಹೆಸರಿಟ್ಟರು. ಅವನೂ ಆ ಹೆಸರಿಗೆ ಓಗೊಡಲು ಶುರುಮಾಡಿದ.

ಅವಳಿಗೋ ಗೊಂದಲದ ಮೇಲೆ ಗೊಂದಲ.

ಅವನ ಮಣಿಕಟ್ಟು ಹಿಡಿದಾಗಲೆಲ್ಲ ನಾಡಿ ಯಾಕೆ ಹಾಗೆ ಓಡುತ್ತೆ? ದಾಲ್ಚಿನ್ನಿಯ ಗುಣವೇ? ಆದರೆ ಹಚ್ಚುವ ಮೊದಲೇ ಓಡುತ್ತಲ್ಲ... ಹೋಗಲಿ, ಅವನದು ಹಾಗಿರಲಿ. ನನ್ನ ಎದೆ ಯಾಕೆ ಹೊಡ್ಕೊಳ್ತಿದೆ? ನಾನಂತೂ ಏನೂ ಹಚ್ಚಿಕೊಂಡಿಲ್ಲ.

ಅವನು ಬರುವುದು ಕಿಟಕಿಯ ಒಪ್ಪಂದಕ್ಕೋ, ತನಗಾಗಿಯೋ? ಕೇಳಲು ಬಾಯಿ ಬರುತ್ತಿರಲಿಲ್ಲ. ಕೇಳದೆ ಇರಲು ಮನಸ್ಸು ಬಿಡುತ್ತಿರಲಿಲ್ಲ.

ಅಂತೂ ಒಂದು ದಿನ ಮುಲಾಮು ಅವಳ ಮನಸ್ಸಿಗೆ ಒಪ್ಪಿತು. ಇಷ್ಟು ದಾಲ್ಚಿನ್ನಿಗೆ ಒಳಗಿನಿಂದ ಕಾವು ಏಳಲೇಬೇಕು ಅನ್ನಿಸಿತು; ಅವನ ಕೈಯೂ ಕೆಂಪಾಗಿರಲಿಲ್ಲ. "ಇನ್ನು ನಿಮಗೆ ತೊಂದರೆ ಕೊಡಲ್ಲ," ಅಂದಳು ಅವನಿಗೆ.

"ಇನ್ನೊಂದು ಸಲ ಹಚ್ಚಿ ನೋಡೋಣ," ಅಂದ ಅವನು ತಡವರಿಸಿ. "ಅಂದ್ರೆ... ಖಚಿತ ಆಗ್ಲಿ ಅಂತ."

ಅವಳು ಖುಷಿಯಿಂದ ಹಚ್ಚಿದಳು. ಆ ಸಂಜೆ ಅವನು ಕಳಿಸಿದ ಬನ್ನು ಮುರಿಯುತ್ತ ಅತ್ತೆ ಅಂದರು, "ಇದೇನೇ ಮರಿ, ಈ ಬನ್ನಪ್ಪನ ಬನ್ನು ತಿಂದ್ರೆ ಈಗಲೂ ಕಟ್ಟಿದ ಮೂಗು ಬಿಡುತ್ತಲ್ಲ? ಕಿಟಕಿ ಮುಚ್ತಿದ್ದೀಯೋ ಇಲ್ವೋ?"

"ಮುಚ್ಚಿದ್ದೀನಿ ಅತ್ತೆ. ಸಂದಿಗೆ ಹಳೇ ಬಟ್ಟೆ ಕೂಡ ತುರುಕಿದ್ದೀನಿ."

ಹಾಗಾದರೆ ವಾಸನೆ ಎಲ್ಲಿಂದ? ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅವಳ ತಲೆ ಬೇರೆ ಕಡೆಯೇ ಇತ್ತು. ಮೊದಲ ಡಬ್ಬಿ ಆಗಲೇ ಎದುರುಮನೆಯ ಟೀಚರಮ್ಮನ ಕೈ ಸೇರಿತ್ತು. ನಿವೃತ್ತರಾದ ಟೀಚರಮ್ಮ. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಅವಳಿಗೂ.

ಮಾರನೆಯ ಬೆಳಿಗ್ಗೆ ಟೀಚರಮ್ಮ ಗೋಡೆ ಹಿಡಿದುಕೊಂಡು ಬಂದರು. ಮೊಣಕಾಲು ತೋರಿಸಿದರು.

ಕೆಂಪು... ಮೊಣಕಾಲ ಸುತ್ತ ಅಂಗೈ ಅಗಲದ ಕೆಂಪು. ಅದರ ಮೇಲೆ ನೀರು ತುಂಬಿದ ಗುಳ್ಳೆಗಳು.

"ಬೆಚ್ಚಗೆ ಇರುತ್ತೆ ಅಂದಿದ್ದೆಯಲ್ಲ ನೀನು," ಅಂದರು ಟೀಚರಮ್ಮ ಮೆಲ್ಲಗೆ. "ಬೆಚ್ಚಗೆ ಅಂತ ತಡ್ಕೊಂಡೆ ಕಣಮ್ಮ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅತ್ತೆ ಮುಲಾಮನ್ನು ಒರೆಸಿ ತೆಗೆದರು, ತಣ್ಣೀರಲ್ಲಿ ತೊಳೆದರು, ಆಟೋ ತರಿಸಿ ಟೀಚರಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಾಪಸು ಬಂದವರು ಅಡುಗೆಮನೆಗೆ ಹೋಗಿ, ಅವಳ ಕೈಯಲ್ಲಿದ್ದ ಸೌಟು ಇಸಿದುಕೊಂಡರು.

"ಇನ್ನು ಒಲೆ ನಾನೇ ನೋಡ್ಕೋತೀನಿ."

"ಅತ್ತೆ, ಬೇಕರಿಯವರ ಕೈಗೆ ಏನೂ ಆಗಿರಲಿಲ್ಲ. ನಾನೇ ದಿನಾ ನೋಡ್ತಿದ್ದೆ..."

"ಹೋಗಿ ಏನಾದ್ರೂ ತಿನ್ನು."

ಅವಳು ಮೂಲೆಯಲ್ಲಿ ಕೂತಳು. ಅದೇ ಮುಲಾಮು. ಅದೇ ಡಬ್ಬಿ. ಅವನ ಕೈ ಮೇಲೆ ಏನೂ ಇಲ್ಲ, ಟೀಚರಮ್ಮನ ಕಾಲ ಮೇಲೆ ಹೀಗೆ. ವಯಸ್ಸಿನ ಚರ್ಮ ಅಂತಲೋ? ಎಣ್ಣೆ ಹಳತೋ? ಯಾವುದಕ್ಕೂ ತಾಳೆಯಾಗಲಿಲ್ಲ. ಯೋಚಿಸುತ್ತ ಯೋಚಿಸುತ್ತ ತಟ್ಟೆಯಲ್ಲಿ ಉಳಿದಿದ್ದ ನಿನ್ನೆಯ ಬನ್ನು ಕಚ್ಚಿದಳು.

ನೀಲಗಿರಿ.

ಅಗಿಯುವುದು ನಿಂತಿತು. ಎಲೆ ಮುಗಿದುಹೋಗಿ ಈ ವಾರವಿಡೀ ಮನೆಯಲ್ಲಿ ನೀಲಗಿರಿ ಕುದಿಸಿಯೇ ಇರಲಿಲ್ಲ; ಮುಲಾಮಿಗೆ ಹಾಕಿದ್ದೆಲ್ಲ ಮೊದಲೇ ಕುದಿಸಿಟ್ಟದ್ದು. ಕಿಟಕಿಯೂ ಮುಚ್ಚಿತ್ತು. ನೀಲಗಿರಿ ಈ ಮನೆಯಿಂದ ಬೇಕರಿಗೆ ಹೋದದ್ದು ಒಂದೇ ದಾರಿಯಲ್ಲಿ... ಅವನ ಕೈ ಮೇಲೆ.

ಇಲ್ಲಿಂದ ಎದ್ದವನು ನೇರ ಹಿಟ್ಟಿಗೆ ಹೋಗುತ್ತಿದ್ದ. ಮುಲಾಮು ಮೆತ್ತಿದ ಕೈಯನ್ನು ಯಾರಾದರೂ ಹಾಗೇ ಹಿಟ್ಟಿಗೆ ಹಾಕುತ್ತಾರೆಯೇ? ತೊಳೆದಿರುತ್ತಾನೆ. ಬಣ್ಣ ಹೋಗಿರುತ್ತದೆ, ವಾಸನೆ ಮಾತ್ರ ಉಳಿದಿರುತ್ತದೆ. ಪ್ರತಿ ಸಲವೂ!

ಚಪ್ಪಲಿ ಮೆಟ್ಟಿದ್ದೂ ಗೊತ್ತಿಲ್ಲದೆ ಅವಳು ಬೀದಿ ಸುತ್ತಿ ಬೇಕರಿಗೆ ನುಗ್ಗಿದಳು. ಅವನು ತಟ್ಟೆಗಳನ್ನು ಜೋಡಿಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. ಅವಳ ಮುಖ ಕಂಡು ಅದು ಹಾಗೇ ಬಾಡಿತು.

"ತೊಳೀತಿದ್ರಾ?"

ಅವನು ಸುಳ್ಳು ಹೇಳಲಿಲ್ಲ. "ತೊಳೀತಿದ್ದೆ."

"ಎಷ್ಟು ಹೊತ್ತಿಗೆ?"

"ಇಲ್ಲಿಗೆ ಬಂದ ತಕ್ಷಣ. ಹಿಟ್ಟು ನಾದಬೇಕಲ್ಲ..."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬೇರೆ ಕೈ ಹುಡುಕ್ತಿದ್ರಿ."

ಆ ಉತ್ತರದ ಒಳಗೆ ಏನಿತ್ತು ಅಂತ ಬೇರೆ ದಿನವಾಗಿದ್ದರೆ ಅವಳಿಗೆ ಹೊಳೆಯುತ್ತಿತ್ತು. ಇವತ್ತು ಅವಳ ಕಣ್ಣ ಮುಂದೆ ಗುಳ್ಳೆಗಳಿದ್ದವು.

"ನನ್ನ ಮುಲಾಮಿಂದ ಟೀಚರಮ್ಮನಿಗೆ ನಡೆಯೋಕಾಗ್ತಿಲ್ಲ. ಅತ್ತೆ ನನ್ನ ಕೈಯಿಂದ ಸೌಟು ಕಿತ್ಕೊಂಡ್ರು. ನಿಮಗೆ ಇದೊಂದು ಹೊತ್ತು ಕಳೆಯೋ ಆಟ, ಅಲ್ವಾ? ನನಗೆ ಇದ್ದಿದ್ದೇ ಅದೊಂದು."

ಉತ್ತರಕ್ಕೂ ಕಾಯದೆ ಅವಳು ಹೊರಟುಬಿಟ್ಟಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಯಾರ ಮೇಲೆ ಕೋಪ ಎಂದೇ ತಿಳಿಯದಾಯಿತು. ಬೆಳಿಗ್ಗೆ ಅವನ ಮೇಲೆ. ಮಧ್ಯಾಹ್ನ ಅವನು ಬರುತ್ತಿದ್ದ ಹೊತ್ತಿಗೆ ಕಿವಿ ಬಾಗಿಲ ಕಡೆ ಹೋದಾಗ ತನ್ನ ಮೇಲೆ. ಕಿಟಕಿಯ ಸಂದಿಯ ಬಟ್ಟೆ ಹಾಗೇ ಇತ್ತು. ಅದನ್ನು ತೆಗೆದರೆ ಅವನು ಕಾಣುತ್ತಾನೆ... ತೆಗೆಯದಿದ್ದರೆ ಅವನೇ ಕಣ್ಣೆದುರು ಇರುತ್ತಾನೆ. ಇದೆಂಥ ಪಾಡು?

ಒಂದು ಮಧ್ಯಾಹ್ನ ದಿಂಬಿಗೆ ಲ್ಯಾವೆಂಡರ್ ತುಂಬುತ್ತಿದ್ದಾಗ ಅತ್ತೆ ಹತ್ತಿರ ಬಂದು ಕೂತರು.

"ಬನ್ನಪ್ಪ ಬಂದಿದ್ದ. ನೀನು ಪೇಟೆಗೆ ಹೋದಾಗ."

ಅವಳ ಸೂಜಿ ನಿಂತಿತು.

"ಟೀಚರಮ್ಮನ ಮನೆಗೂ ಹೋಗಿದ್ನಂತೆ. ತಪ್ಪು ನಂದು, ಆ ಹುಡುಗಿದಲ್ಲ ಅಂತ ಹೇಳಿ ಬಂದಿದ್ದಾನೆ. ನನ್ನ ಮುಂದೂ ಅದನ್ನೇ ಹೇಳಿದ. ಸೌಟು ಅವಳಿಗೆ ಕೊಡಿ ಅಂದ."

"ಕೊಡ್ತೀರಾ?"

"ಇಲ್ಲ," ಅಂದರು ಅತ್ತೆ. "ಮರಿ, ನಿನ್ನ ಮುಲಾಮಿನ ಬಣ್ಣ ಯಾವುದು?"

"ಹಳದಿ. ಚೆಂಡುಹೂವಿನದು."

"ತೊಳೆಯದೆ ಇಟ್ಟ ಕೈ ಮೇಲೆ ಮಾರನೇ ದಿನ ಆ ಹಳದಿ ಇರಬೇಕೋ ಬೇಡವೋ?"

ಮಲ್ಲಿಗೆ ಎಸಳಿನ ಹಾಗೆ ಶುಭ್ರವಾಗಿದ್ದ ಆ ಚರ್ಮ... ಪ್ರತಿ ದಿನವೂ ಅದನ್ನು ಕಣ್ತುಂಬ ನೋಡಿ ಹಿಗ್ಗಿದ್ದಳು. ಅದು ಶುಭ್ರವಾಗಿರಬಾರದಿತ್ತು.

"ನೀನು ಅವನ ಮುಖ ನೋಡ್ತಿದ್ದೆ ಕಣೆ," ಅಂದರು ಅತ್ತೆ, ಅವಳ ತಲೆ ಸವರಿ. "ಕೈ ನೋಡಲಿಲ್ಲ. ಅವನು ಬಾಯಿ ಬಿಡಲಿಲ್ಲ, ನೀನು ಕಣ್ಣು ಬಿಡಲಿಲ್ಲ. ಇಬ್ಬರೂ ಸೇರಿ ಆ ಟೀಚರಮ್ಮನ ಮೊಣಕಾಲು ಸುಟ್ರಿ."

ಅವಳು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಲ್ಯಾವೆಂಡರಿಗೆ ಮನಸ್ಸು ತಣಿಸುವ ಗುಣವಿದೆ ಅನ್ನುತ್ತಾರೆ. ಅವತ್ತು ಅದರ ಗುಣವೇನೂ ಕಾಣಲಿಲ್ಲ.

ಅತ್ತು ಮುಗಿದ ಮೇಲೆ ಎದ್ದು ಟೀಚರಮ್ಮನ ಮನೆಗೆ ಹೋದಳು. ತಪ್ಪು ನನ್ನದೂ ಇದೆ ಅಂದಳು. ಗುಳ್ಳೆಗಳು ಒಣಗುತ್ತಿದ್ದವು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು.

"ಅವನು ಬಂದು ನಂದು ತಪ್ಪು ಅಂತಾನೆ. ನೀನು ಬಂದು ನಂದು ಅಂತೀಯ. ಒಬ್ಬರ ಮೇಲೊಬ್ಬರು ಹಾಕೋರನ್ನ ನೋಡಿದ್ದೆ, ಹೀಗೆ ಕಿತ್ತಾಡಿ ಹಂಚ್ಕೊಳ್ಳೋರನ್ನ ನೋಡಿರಲಿಲ್ಲ. ಮುಂದಿನ ಸಲ ಪರೀಕ್ಷೆ ಮಾಡೋದಿದ್ರೆ ನನ್ನ ಕಾಲು ಬಿಟ್ಟು ಮಾಡ್ರಮ್ಮ."

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಒಂದು ಗುಸುಗುಸು. ಬೇಕರಿಯ ಷಟರ್ ಎತ್ತಿಲ್ಲ! ಜ್ವರ ಬಂದರೂ ಅಂಗಡಿ ಮುಚ್ಚದವನು. ಬ್ರೆಡ್ಡಿಗೆ ಬಂದವರೆಲ್ಲ ಬರಿಗೈಯಲ್ಲಿ ವಾಪಸು ಹೋದರು.

ಊರು ಬಿಟ್ಟನೇ? ನನ್ನ ಮಾತಿಗೇ? ಅವಳು ಕಿಟಕಿಯ ಬಟ್ಟೆ ಎಳೆದು ಇಣುಕಿದಳು. ನಾದುವ ಮೇಜು ಖಾಲಿಯಾಗಿತ್ತು. ಒಲೆಯ ಬಾಯಿ ಮುಚ್ಚಿತ್ತು. ಇಡೀ ದಿನ ಏನೂ ಸೇರಲಿಲ್ಲ ಅವಳಿಗೆ. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಸೊಪ್ಪು ಬಿಡಿಸುತ್ತಿದ್ದರು.

ಮರುದಿನ ಬಾಗಿಲು ಬಡಿದ ಸದ್ದಾಯಿತು.

ತೆಗೆದಳು. ಈ ಸಲ ಮೂಗಿನ ಮುಂದೆ ಬನ್ನು ಇರಲಿಲ್ಲ. ಅವನ ಕೈ ಇತ್ತು. ಅಂಗಿಯ ತೋಳು ಮಡಚಿ, ಅಂಗೈ ಮೇಲೆ ಮಾಡಿ, ಅವನು ಅದನ್ನು ಅವಳ ಮುಂದೆ ಚಾಚಿ ನಿಂತಿದ್ದ. ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಹಳದಿ ಚುಕ್ಕೆಗಳು. ಕೆಲವುಗಳ ಸುತ್ತ ಕೆಂಪು.

"ಏನಿದು?"

"ನಿಮ್ಮ ಮುಲಾಮುಗಳು. ನೀವು ಒಂದೊಂದು ಸಲ ಮಾಡಿದ್ದರಲ್ಲೂ ಒಂದಿಷ್ಟು ಎತ್ತಿಟ್ಟಿದ್ರಂತೆ ಅತ್ತೆಯವರು. ಕೇಳಿ ಇಸ್ಕೊಂಡು ಹೋದೆ." ಅವನು ಒಣಗಿದ ತುಟಿ ಸವರಿಕೊಂಡ. "ನಿನ್ನೆಯಿಂದ ನೀರು ಮುಟ್ಟಿಸಿಲ್ಲ. ಹಿಟ್ಟೂ ಮುಟ್ಟಲಿಲ್ಲ. ಅದಕ್ಕೇ ಅಂಗಡಿ ತೆಗೀಲಿಲ್ಲ."

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಈ ಸಲ ಕೈಯನ್ನೇ.

"ಇದು ಕೆಂಪಾಗಿದೆ," ಅಂದ ಅವನು ಮೊಣಕೈ ಹತ್ತಿರದ ಚುಕ್ಕೆ ತೋರಿಸಿ. "ಟೀಚರಮ್ಮನಿಗೆ ಕೊಟ್ಟಿದ್ದು ಇದೇ. ರಾತ್ರಿಯೆಲ್ಲ ಉರೀತು. ಇದರ ಪಕ್ಕದ್ದೂ ಉರೀತು, ಕಮ್ಮಿ. ಇದು ತುರಿಕೆ. ಇದು... ಮಣಿಕಟ್ಟಿನ ಹತ್ರ ಇದೆಯಲ್ಲ, ನೀವು ಮೊದಲನೇ ದಿನ ಮಾಡಿದ್ದು. ಇದಕ್ಕೆ ಏನೂ ಆಗಿಲ್ಲ. ಸ್ವಲ್ಪ ಬೆಚ್ಚಗಿತ್ತು, ಅಷ್ಟೆ. ನಿಮ್ಮ ಮುಲಾಮು ಮೊದಲನೇ ದಿನವೇ ಸರಿಯಾಗಿತ್ತು. ಹೇಳೋನು ಸರಿ ಇರಲಿಲ್ಲ."

ಅವಳಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ಉರಿಯುವಾಗಲೇ ತೊಳ್ಕೋಬಾರದಾ? ಯಾರು ತಡ್ಕೊಳ್ಳಿ ಅಂದ್ರು?"

"ಟೀಚರಮ್ಮ ತಡ್ಕೊಂಡ್ರಲ್ಲ."

ಅವಳು ಅವನನ್ನು ಒಳಗೆ ಎಳೆದು ಅದೇ ಮಣೆಯ ಮೇಲೆ ಕೂರಿಸಿದಳು. ಬಟ್ಟಲಲ್ಲಿ ತಣ್ಣೀರು ತಂದು, ಮೊಣಕೈ ಕಡೆಯಿಂದ ಒಂದೊಂದೇ ಚುಕ್ಕೆ ಒರೆಸತೊಡಗಿದಳು. ಕೆಂಪಾದ ಕಡೆ ಅವನು ಹಲ್ಲು ಕಚ್ಚಿಹಿಡಿದದ್ದು ಕಂಡು ಬಟ್ಟೆಯನ್ನು ಇನ್ನಷ್ಟು ಹಗುರಾಗಿ ಒತ್ತಿದಳು.

"ಆಟ ಅಂದ್ರಿ ನೀವು," ಅಂದ ಅವನು. "ಆಟ ಅಲ್ಲ. ಮೊದಲನೇ ದಿನ ತೊಳೆದಾಗ ಇಷ್ಟು ದೊಡ್ಡ ವಿಷಯ ಅಂತ ಗೊತ್ತಿರಲಿಲ್ಲ. ಎರಡನೇ ದಿನ ತೊಳೆಯುವಾಗ ಬೇಜಾರಾಯ್ತು, ನೀವು ಹಚ್ಚಿದ್ದು ನೀರಲ್ಲಿ ಹೋಯ್ತಲ್ಲ ಅಂತ. ಮೂರನೇ ದಿನ ಹೇಳೋಣ ಅಂತಲೇ ಬಂದೆ. ನೀವು ಮಣಿಕಟ್ಟು ಹಿಡ್ಕೊಂಡ್ರಿ... ಹೇಳೋಕಾಗಲಿಲ್ಲ. ನೀವಂದ್ರೆ ನನಗೆ ಇಷ್ಟ. ಅದನ್ನ ಹೇಳೋ ಧೈರ್ಯ ಇರಲಿಲ್ಲ. ಅದಕ್ಕೆ ಏನೂ ಆಗಿಲ್ಲ ಏನೂ ಆಗಿಲ್ಲ ಅಂತಿದ್ದೆ. ಆಗಿತ್ತು."

ಅವಳ ಕೈ ನಿಂತಿತು. ಬೆರಳ ಕೆಳಗೆ ನಾಡಿ ಓಡುತ್ತಲೇ ಇತ್ತು, ಮೊದಲ ದಿನದ ಹಾಗೆಯೇ. ಇಷ್ಟು ದಿನ ದಾಲ್ಚಿನ್ನಿಯ ಮೇಲೆ ಹಾಕಿದ್ದ ಅಪವಾದವೆಲ್ಲ ಸುಳ್ಳು.

"ನನಗೂ ಆಗಿತ್ತು," ಅಂದಳು ತಲೆ ತಗ್ಗಿಸಿ. "ಇಲ್ಲದಿದ್ರೆ ಕೈ ಮೇಲೆ ಹಳದಿ ಇಲ್ಲ ಅನ್ನೋದು ಕಣ್ಣಿಗೆ ಬೀಳದೆ ಇರ್ತಿತ್ತಾ? ನಾನು ನಿಮ್ಮ ಮುಖ ನೋಡ್ತಿದ್ದೆ."

ಬಾಗಿಲ ಹತ್ತಿರ ಕೆಮ್ಮಿದ ಸದ್ದು. ಅತ್ತೆ ಸೌಟು ಹಿಡಿದು ನಿಂತಿದ್ದರು. ಹತ್ತಿರ ಬಂದು ಅವನ ಕೈಯನ್ನು ಬೆಳಕಿಗೆ ತಿರುಗಿಸಿ, ಮಣಿಕಟ್ಟಿನ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು.

"ಹಳದಿ ಇದೆ. ಕೆಂಪಿಲ್ಲ," ಅಂದರು. ಸೌಟನ್ನು ಅವಳ ಮಡಿಲಲ್ಲಿ ಇಟ್ಟರು. "ಈ ಮೊದಲನೇದನ್ನೇ ಇನ್ನೊಂದು ಸಲ ಮಾಡು. ಒಲೆ ಹಚ್ಚೋ ಮೊದಲು ಆ ಕಿಟಕಿ ಮುಚ್ಚಿದೆಯಾ ನೋಡು."

"ತೆರೆದೇ ಇರಲಿ ಬಿಡಿ," ಅಂದ ಅವನು.

"ಬನ್ನು ಘಾಟಾಗುತ್ತಲ್ಲಪ್ಪ?"

"ಗಿರಾಕಿಗಳಿಗೆ ಅಭ್ಯಾಸ ಆಗಿದೆ."

ಅತ್ತೆ ನಗುತ್ತ ಒಳಗೆ ಹೋದರು. ಅವಳು ಒದ್ದೆ ಬಟ್ಟೆಯನ್ನು ಹಿಂಡಿ, ಕೊನೆಯದಾಗಿ ಉಳಿದಿದ್ದ ಮಣಿಕಟ್ಟಿನ ಚುಕ್ಕೆಯ ಹತ್ತಿರ ತಂದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇದನ್ನ ತೊಳೀಬೇಡಿ."

"ಒಂದು ದಿನ ಮುಗೀತಲ್ಲ? ಇನ್ನು ತೊಳೀಬಹುದು."

"ಇರ್ಲಿ. ಇವತ್ತೂ ಅಂಗಡಿ ತೆಗೆಯಲ್ಲ."

ಅವಳು ಬಟ್ಟೆಯನ್ನು ಬಟ್ಟಲಿಗೆ ಬಿಟ್ಟಳು. "ಕೆಂಪಾದ್ರೆ?"

"ಹೇಳಿಬಿಡ್ತೀನಿ," ಅಂದ.